ಸಮವಸ್ತ್ರಕ್ಕೆ ವಹಿಸಿದ ಕೆಲಸ

ಮಾನ್ಯರೇ,

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರವನ್ನು ಕಡ್ಡಾಯಗೊಳಿಸುವ ವಿವಾದದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಲಾಂಗ್ ಬೀಚ್‌ನ ಅನುಭವದ ನಂತರ ಈ ಚರ್ಚೆಗೆ ಅರ್ಥವೇ ಉಳಿದಿಲ್ಲ, ಬಡವ ಬಲ್ಲಿದರ ಮಕ್ಕಳ ಅಂತರವನ್ನು ಅಳಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಅಭಿವ್ಯಕ್ತಿ ಸ್ವಾತಂತ್ರ್ಯದ ಆಕ್ಷೇಪವೆಲ್ಲ ವಕೀಲರ ಸೃಷ್ಟಿ ಎಂದು ವಾದಿಸಿರುವ ತಾವು, ಪತ್ರಿಕೆಯ ನಿಲುವೇನೆಂದು ನೇರವಾಗಿಯೇ ಕೇಳಿದ್ದೀರಿ.

ಲಾಂಗ್ ಬೀಚ್‌ನಿಂದಲೇ ತೊಡಗುತ್ತೇನೆ. ಕ್ಯಾಲಿಫೋರ್ನಿಯಾದ ಆ ಶಾಲಾ ಜಿಲ್ಲೆ 1994ರಲ್ಲಿ ತನ್ನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಿಗೆಲ್ಲ ಸಮವಸ್ತ್ರವನ್ನು ಕಡ್ಡಾಯಗೊಳಿಸಿತು. ಬಟ್ಟೆಯ ಬಣ್ಣದಿಂದಲೇ ಯಾವ ಗ್ಯಾಂಗಿನವನೆಂದು ಗುರುತಿಸುತ್ತಿದ್ದ ಊರಿನಲ್ಲಿ ಹೆತ್ತವರ ಭಯ ಸಹಜವಾದದ್ದೇ. ಶಾಲೆಗಳಲ್ಲಿ ಅಪರಾಧ ಇಳಿಯಿತೆಂದು ಜಿಲ್ಲೆ ಪ್ರಕಟಿಸಿತು. 1996ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಸಂಸತ್ತಿನೆದುರಿನ ವಾರ್ಷಿಕ ಭಾಷಣದಲ್ಲಿಯೇ ಸಮವಸ್ತ್ರದ ಪರ ಮಾತನಾಡಿದರು. ಆದರೆ ಅದೇ ಅವಧಿಯಲ್ಲಿ ಆ ಶಾಲೆಗಳ ಭದ್ರತೆಯೂ ಬಿಗಿಯಾಗಿತ್ತು, ತರಗತಿ ಬದಲಾಗುವ ಹೊತ್ತಿನಲ್ಲಿ ಕಾರಿಡಾರುಗಳಲ್ಲಿ ಹೆಚ್ಚು ಶಿಕ್ಷಕರನ್ನು ನಿಲ್ಲಿಸಲಾಗುತ್ತಿತ್ತು. ಕಾವಲು ಹೆಚ್ಚಿದ್ದರಿಂದ ಆದದ್ದೆಷ್ಟು, ಅಂಗಿಯಿಂದ ಆದದ್ದೆಷ್ಟು ಎಂದು ಬೇರ್ಪಡಿಸದೆ ಕೀರ್ತಿಯನ್ನೆಲ್ಲ ಅಂಗಿಗೇ ಕೊಡುವುದನ್ನು ನಾನು ಒಪ್ಪಲಾರೆ.

ಬೇರ್ಪಡಿಸಿ ನೋಡಿದವರಿದ್ದಾರೆ. ಬ್ರನ್ಸ್ಮಾ ಮತ್ತು ರಾಕ್‌ಮೋರ್ ಎಂಬ ಸಮಾಜಶಾಸ್ತ್ರಜ್ಞರು ಹತ್ತನೆಯ ತರಗತಿಯ ಮಕ್ಕಳ ರಾಷ್ಟ್ರವ್ಯಾಪಿ ಮಾಹಿತಿಯನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಜರಾತಿ, ನಡತೆ, ಮಾದಕ ವಸ್ತುಗಳ ಬಳಕೆ ಇವುಗಳ ಮೇಲೆ ಸಮವಸ್ತ್ರದ ನೇರ ಪರಿಣಾಮ ಕಾಣಲಿಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು: ನೈಋತ್ಯ ಭಾಗದ ಒಂದು ದೊಡ್ಡ ನಗರದ ಶಾಲೆಗಳ ಬಗ್ಗೆ ಜೆಂಟೈಲ್ ಮತ್ತು ಇಂಬರ್ಮನ್ ನಡೆಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಲಿನ ತರಗತಿಗಳ ಹಾಜರಾತಿ ಸುಧಾರಿಸಿತ್ತು, ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಬಿಟ್ಟುಹೋಗುವ ಶಿಕ್ಷಕರು ಕಡಿಮೆಯಾಗಿದ್ದರು. ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳಿಗೆ ನೆಮ್ಮದಿ ಸಿಕ್ಕಿತೆಂದರೆ ಅದೂ ಲಾಭವೇ, ಆದರೆ ಕಾಯಿದೆ ಮಾಡುವಾಗ ಹೇಳಿದ ಲಾಭ ಅದಲ್ಲ. 2022ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯಲ್ಲಿ ಕಂಡದ್ದು ಇನ್ನೂ ವಿಚಿತ್ರ: ನಡತೆಯಲ್ಲಿ ವ್ಯತ್ಯಾಸವಿಲ್ಲ, ಬಡ ಮಕ್ಕಳ ಹಾಜರಾತಿ ಸ್ವಲ್ಪ ಮೇಲು, ಆದರೆ ಐದನೆಯ ತರಗತಿಗೆ ಬರುವ ಹೊತ್ತಿಗೆ ಶಾಲೆ ತಮ್ಮದೆಂಬ ಭಾವನೆ ಸಮವಸ್ತ್ರದ ಶಾಲೆಗಳ ಮಕ್ಕಳಲ್ಲೇ ಕಡಿಮೆ.

ಬಡವ ಬಲ್ಲಿದರ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಬೂಟು, ಬ್ಯಾಗು, ಮೊಬೈಲು ಉಳಿದೇ ಇರುತ್ತವೆ, ಮಕ್ಕಳ ಕಣ್ಣು ಅವನ್ನು ಹುಡುಕದೆ ಬಿಡುವುದಿಲ್ಲ.

ವಕೀಲರ ಸೃಷ್ಟಿ ಎಂಬ ಮಾತಿಗೆ ಮಾತ್ರ ವಿವರವಾಗಿಯೇ ಉತ್ತರಿಸಬೇಕು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅಯೋವಾ ರಾಜ್ಯದ ಡೆ ಮೊಯಿನ್ ನಗರದ ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ ಮಕ್ಕಳ ಪರ ತೀರ್ಪಿತ್ತಿತಾದರೂ, ಲಂಗದ ಉದ್ದ, ಬಟ್ಟೆಯ ಬಗೆ ಇತ್ಯಾದಿಗಳ ಪ್ರಶ್ನೆ ಇಲ್ಲಿ ಇಲ್ಲವೆಂದು ಆ ತೀರ್ಪಿನಲ್ಲಿಯೇ ಸ್ಪಷ್ಟಪಡಿಸಿತು. ಲೂಸಿಯಾನಾದ ಬೋಸಿಯರ್ ಪ್ಯಾರಿಷ್ ಎಂಬ ಜಿಲ್ಲೆಯ ಸಮವಸ್ತ್ರ ನಿಯಮವನ್ನು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು. ಅಷ್ಟರಮಟ್ಟಿಗೆ ತಮ್ಮ ಮಾತು ಸರಿ. ಆದರೆ ನೆವಾಡಾದ ರೀನೋ ನಗರದ ಒಂದು ಪ್ರಾಥಮಿಕ ಶಾಲೆಯ ಅಂಗಿಯನ್ನು ನೋಡಿ. ಅದರ ಮೇಲೆ ಶಾಲೆಯ ಚಿಹ್ನೆಯ ಜೊತೆಗೆ 'ನಾಳಿನ ನಾಯಕರು' ಎಂಬ ಘೋಷಣೆಯೂ ಅಚ್ಚಾಗಿತ್ತು; ಸ್ಕೌಟ್ ಮತ್ತು ಗೈಡ್ಸ್‌ನಂಥ ಸಂಘಟನೆಗಳ ಮಕ್ಕಳು ಸಭೆಯ ದಿನ ಆ ಸಂಘಟನೆಯ ಉಡುಪಿನಲ್ಲೇ ಬರಬಹುದಿತ್ತು. ಮಗುವಿನ ಎದೆಯ ಮೇಲೆ ಅದರದಲ್ಲದ ಮಾತನ್ನು ಬಲವಂತವಾಗಿ ಹೊರಿಸುವುದನ್ನೂ, ಕೆಲವು ಸಂಘಟನೆಗಳಿಗೆ ಮಾತ್ರ ವಿನಾಯಿತಿ ಕೊಡುವುದನ್ನೂ ಅತ್ಯಂತ ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿತು. ಘೋಷಣೆಯಿಲ್ಲದ ಅಂಗಿಯಾಗಿದ್ದರೆ ಆ ತಕರಾರಿನ ಅರ್ಧಭಾಗ ಹುಟ್ಟುತ್ತಲೇ ಇರಲಿಲ್ಲ.

ಇನ್ನು ನಮ್ಮ ನಿಲುವು. ಸಮವಸ್ತ್ರಕ್ಕೆ ನಮ್ಮ ವಿರೋಧವಿಲ್ಲ. ಅಪರಾಧ ತಡೆಯುವ, ಅಂಕ ಹೆಚ್ಚಿಸುವ ಕೆಲಸವನ್ನು ಅದಕ್ಕೆ ವಹಿಸುವುದಕ್ಕೆ ವಿರೋಧವಿದೆ. ಬೆಳಗಿನ ಗಡಿಬಿಡಿ ಕಡಿಮೆಯಾಗುವುದು, ಹೊರಗಿನವರು ಶಾಲೆಯೊಳಗೆ ಬಂದರೆ ಗೊತ್ತಾಗುವುದು, ಇಂಥ ಸಣ್ಣ ಅನುಕೂಲಗಳ ಹೆಸರಿನಲ್ಲಿ ನಿಯಮ ಮಾಡಿದರೆ ಒಪ್ಪಬಹುದು. ಆಗಲೂ ಕ್ಯಾಲಿಫೋರ್ನಿಯಾದ 1994ರ ಕಾಯಿದೆಯಲ್ಲಿರುವ ಷರತ್ತುಗಳನ್ನು ಬಿಡಬಾರದು. ಹೆತ್ತವರಿಗೆ ಆರು ತಿಂಗಳ ಮುಂಚೆ ತಿಳಿಸಬೇಕು, ಕೊಳ್ಳಲಾಗದವರಿಗೆ ನೆರವಿನ ವ್ಯವಸ್ಥೆ ಇರಬೇಕು, ಬೇಡವೆನ್ನುವ ಹೆತ್ತವರ ಮಕ್ಕಳಿಗೆ ವಿನಾಯಿತಿ ಇರಬೇಕು, ವಿನಾಯಿತಿ ಪಡೆದ ಮಗುವನ್ನು ಶಾಲೆ ಯಾವ ರೀತಿಯಲ್ಲೂ ಶಿಕ್ಷಿಸಬಾರದು. ಯಾವ ಅಂಗಡಿಯಲ್ಲಾದರೂ ಸಿಗುವ ಬಣ್ಣದ ಸಾದಾ ಅಂಗಿಯೇ ಸಾಕು ಎಂಬುದೊಂದನ್ನು ಈ ಪಟ್ಟಿಗೆ ನಾವು ಸೇರಿಸುತ್ತೇವೆ. ಇಷ್ಟಕ್ಕೂ ಒಪ್ಪದ ಶಾಲಾ ಮಂಡಳಿ ಸಮವಸ್ತ್ರದ ಮಾತೆತ್ತಿದರೆ ನಾವು ಅದರ ವಿರುದ್ಧವೇ ಬರೆಯುತ್ತೇವೆ.

– ಸಂಪಾದಕ