ಮೊಡವೆ ಹದಿಹರೆಯದವರ ಮನಸ್ಸನ್ನು ಅಷ್ಟೊಂದು ಕಾಡುವುದೇಕೆ?

ದಾವಣಗೆರೆಯಲ್ಲಿ ಪಿಯುಸಿ ಓದುತ್ತಿರುವ ಮಗಳು ಮೊಡವೆಯ ಕಾರಣಕ್ಕೆ ಮದುವೆ ಮನೆಗೂ ಬರಲೊಲ್ಲಳು, ಇದು ಬರೀ ಹಟವೇ ಎಂದು ಕೇಳಿದ್ದೀರಿ. ಹಟವಲ್ಲ. ಇತರರು ತನ್ನನ್ನು ಹೇಗೆ ಕಾಣುತ್ತಾರೆ ಎಂಬುದೇ ಆತ್ಮವಿಶ್ವಾಸವನ್ನು ರೂಪಿಸುವ ವಯಸ್ಸಿನಲ್ಲಿ ಮುಖದ ಮೇಲಿನ ಕಲೆ ಮುಚ್ಚಿಡಲಾಗದ ಸಂಗತಿಯಾದ್ದರಿಂದ, ಮಕ್ಕಳು ಫೋಟೊಗೆ ನಿಲ್ಲುವುದನ್ನು ತಪ್ಪಿಸುತ್ತಾರೆ, ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಎದ್ದು ಹೇಳುವುದಿಲ್ಲ, ಕ್ರಮೇಣ ಗೆಳತಿಯರಿಂದಲೂ ದೂರವಾಗುತ್ತಾರೆ. ಮೊಡವೆ ಇರುವವರಲ್ಲಿ ಆತಂಕ ಮತ್ತು ಖಿನ್ನತೆ ಹೆಚ್ಚಾಗಿ ಕಾಣುತ್ತವೆ ಎಂದು ಅಧ್ಯಯನಗಳೂ ತೋರಿಸಿವೆ. ಮೊಡವೆಯ ತೀವ್ರತೆಗೂ ಮನಸ್ಸಿನ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ, ನಾಲ್ಕೇ ಮೊಡವೆ ಇರುವ ಮಗುವೂ ಕುಗ್ಗಿಹೋಗಬಹುದು.

ನಮ್ಮ ಊರಿನಲ್ಲಿ ಬಂಧುಗಳು ಕಂಡೊಡನೆ "ಮಂಡಕ್ಕಿ ಮಿರ್ಚಿ ತಿಂದದ್ದಕ್ಕೇ ಹಿಂಗಾತು ನೋಡವ್ವ" ಎನ್ನುವುದುಂಟು. ಈ ಮಾತು ದಯವಿಟ್ಟು ನಿಲ್ಲಲಿ. ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನುಗಳು ಚರ್ಮದ ತೈಲಗ್ರಂಥಿಗಳನ್ನು ಪ್ರಚೋದಿಸುವುದೇ ಮುಖ್ಯ ಕಾರಣವಾಗಿರುವಾಗ, ಅವಳ ಮೇಲೆ ತಪ್ಪು ಹೊರಿಸಿದರೆ ನಾಚಿಕೆಯಷ್ಟೇ ಬೆಳೆಯುತ್ತದೆ. ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಮೊಡವೆ ಇನ್ನಷ್ಟು ಕೆರಳಬಹುದು. ಚರ್ಮರೋಗ ತಜ್ಞರಿಗೆ ತೋರಿಸಿ. ಚಿಕಿತ್ಸೆಯ ಫಲ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕೆಂದು ಅವಳಿಗೆ ಮೊದಲೇ ತಿಳಿಸಿ. ಊಟ, ನಿದ್ದೆ, ಓದು ಕೆಟ್ಟು ಅವಳು ಮಂಕಾಗಿಯೇ ಉಳಿದರೆ, ಕನ್ನಡದಲ್ಲಿಯೇ ಮಾತನಾಡಬಹುದಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ತಡಮಾಡದೆ ಕರೆ ಮಾಡಿ.