ನಾಟಿ ಕ್ಯಾರೆಟ್: ಮೊಳಕೆ, ಕವಲೊಡೆದ ಗಡ್ಡೆ ಮತ್ತು ಮನೆಯ ಬೀಜ

ತುಮಕೂರಿನ ಮೇಡಂ ಅವರಿಗೆ ನಮಸ್ಕಾರ. ಕೆಂಪು, ನೇರಳೆ ಮತ್ತು ನಾಂಟಿಸ್ ಕ್ಯಾರೆಟ್‌ಗಳ ಬೀಜ ತಂದು ಬೇಸಿಗೆಯ ಕೊನೆಯಲ್ಲಿ ಟ್ರೇಯಲ್ಲಿ ಬಿತ್ತಿದ್ದಾಗಿ, ಅರ್ಧಕ್ಕಿಂತ ಹೆಚ್ಚು ಬೀಜ ಮೊಳೆಯದೇ ಹೋದದ್ದಾಗಿ, ಮೊಳೆತ ಸಸಿಗಳನ್ನು ಮಡಿಗೆ ನಾಟಿ ಮಾಡಿದರೆ ಗಡ್ಡೆಗಳು ಎರಡು ಮೂರು ಕವಲಾದದ್ದಾಗಿ ಬರೆದಿದ್ದೀರಿ. ಮುಂದಿನ ವರ್ಷಕ್ಕೆ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ತಳಿಯನ್ನು ಹಾಕಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಕ್ಯಾರೆಟ್ ಮೊದಲು ಗಡ್ಡೆ ಕಟ್ಟಿ, ಆಮೇಲೆ ಹೂ ಬಿಡುವ ಗಿಡ. ಯುರೋಪ್ ಮತ್ತು ಅಮೆರಿಕದ ಹಳೆಯ ತಳಿಗಳಾದ ನಾಂಟಿಸ್, ಶಾಂಟನೆ, ಡ್ಯಾನ್ವರ್ಸ್ ಮುಂತಾದವು ಹೂ ಬಿಡಬೇಕಾದರೆ ಅವುಗಳ ಗಡ್ಡೆಗೆ ಹಲವು ವಾರಗಳ ಕಾಲ ಸುಮಾರು 4ರಿಂದ 8 ಡಿಗ್ರಿಯ ಚಳಿ ತಾಗಬೇಕು. ನಮ್ಮ ಬಯಲುಸೀಮೆಯ ಡಿಸೆಂಬರ್‌ನಲ್ಲಿ ಅಂತಹ ಚಳಿ ಬೀಳುವುದಿಲ್ಲ. ಆದ್ದರಿಂದಲೇ ಈ ತಳಿಗಳ ಬೀಜವನ್ನು ಹಿಮಾಚಲದ ಕುಲ್ಲು ಕಣಿವೆಯಂತಹ ತಂಪು ಜಾಗಗಳಲ್ಲಿ ತೆಗೆಯುತ್ತಾರೆ. ಅಫ್ಘಾನಿಸ್ತಾನದ ಸುತ್ತಲಿನ ಪ್ರದೇಶದಿಂದ ಉತ್ತರ ಭಾರತದ ಬಯಲಿಗೆ ಬಂದು ನೆಲೆಯೂರಿದ ಕೆಂಪು, ನೇರಳೆ, ಹಳದಿ ಬಗೆಗಳು ಹಾಗಲ್ಲ. ಅವು ಅಷ್ಟು ಚಳಿಯನ್ನು ಕೇಳದೆಯೇ ಹೂ ಬಿಟ್ಟು ಬೀಜ ಕಟ್ಟುತ್ತವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೆಂಪು ಪೂಸಾ ರುಧಿರ ಮತ್ತು ಕಪ್ಪು ಪೂಸಾ ಅಸಿತ ತಳಿಗಳು ಈ ಗುಂಪಿನವು. ಕಿತ್ತಳೆ ಬಣ್ಣದ ನಾಂಟಿಸ್ ಮಾದರಿಯೇ ಬೇಕೆನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರಜ್ ಇದೆ. ಅದು ನಮ್ಮ ಹವೆಯಲ್ಲೇ ಹೂ ಬಿಟ್ಟು ಬೀಜ ಕಟ್ಟುತ್ತದೆ. ಇವನ್ನು ಅಜ್ಜಿಯ ಕಾಲದ ತಳಿ ಎನ್ನಲಾಗದು, ಆದರೆ ಹೈಬ್ರಿಡ್ ಅಲ್ಲವಾದ್ದರಿಂದ ತೆಗೆದಿಟ್ಟ ಬೀಜದಿಂದ ಅದೇ ಗುಣದ ಬೆಳೆ ಬರುತ್ತದೆ. ಹಳೆಯ ನಾಟಿ ಬೀಜವನ್ನು ರೈತರೇ ಆರಿಸಿ ಆರಿಸಿ ಕಾಪಾಡಿದ ಉದಾಹರಣೆ ಬೇಕಿದ್ದರೆ ಗುಜರಾತಿನ ಜುನಾಗಢದ ವಲ್ಲಭಭಾಯಿ ಮಾರ್ವಾನಿಯಾ ಅವರನ್ನು ನೆನೆಯಬೇಕು. 1940ರ ದಶಕದಿಂದ ಅವರು ಬೆಳೆಸಿಕೊಂಡು ಬಂದ ಮಧುಬನ್ ಗಾಜರ್ ತಳಿಗಾಗಿ 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹೀಗಾಗಿ ನನ್ನ ಸಲಹೆ ಇಷ್ಟು: ತಿನ್ನುವುದಕ್ಕೆ ಯಾವ ತಳಿಯನ್ನಾದರೂ ಹಾಕಿ, ಬೀಜಕ್ಕೆ ಮಾತ್ರ ನಿಮ್ಮಲ್ಲಿರುವ ಕೆಂಪನ್ನೋ ನೇರಳೆಯನ್ನೋ ನೆಚ್ಚಿಕೊಳ್ಳಿ. ಪೊಟ್ಟಣದ ಮೇಲೆ ಎಫ್1, ಅಂದರೆ ಹೈಬ್ರಿಡ್, ಎಂದಿದ್ದರೆ ಅದರಿಂದ ಬೀಜ ತೆಗೆಯುವ ಆಸೆಯನ್ನು ಬಿಟ್ಟುಬಿಡಿ.

ಇನ್ನು ಮೊಳಕೆಯ ವಿಷಯ. ಕ್ಯಾರೆಟ್ ಬೀಜ ಬಹಳ ಸಣ್ಣದು, ಒಂದು ಗ್ರಾಮಿನಲ್ಲಿ ಸುಮಾರು ಎಂಟುನೂರು ಬೀಜಗಳಿರುತ್ತವೆ. ಮಣ್ಣಿನ ಉಷ್ಣತೆ 20ರಿಂದ 25 ಡಿಗ್ರಿಯಲ್ಲಿದ್ದರೆ ಅದು ಚೆನ್ನಾಗಿ ಮೊಳೆಯುತ್ತದೆ, 35 ಡಿಗ್ರಿ ದಾಟಿದರೆ ಮೊಳಕೆ ತೀರಾ ಕುಸಿಯುತ್ತದೆ. ಬೇಸಿಗೆಯ ಕೊನೆಯಲ್ಲಿ ಬಿಸಿಲಿಗಿಟ್ಟ ಟ್ರೇಯ ಮಣ್ಣು ಎಷ್ಟು ಕಾದಿರುತ್ತದೆ ಎಂಬುದನ್ನು ನೀವೇ ಊಹಿಸಬಹುದು. ಅನುಕೂಲದ ಸಮಯದಲ್ಲೂ ಮೊಳಕೆಗೆ ಹತ್ತರಿಂದ ಇಪ್ಪತ್ತು ದಿನ ಬೇಕು, ಅಷ್ಟೂ ದಿನ ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಒಮ್ಮೆಯೂ ಒಣಗಬಾರದು. ನಮ್ಮ ಕೆಂಪು ಮಣ್ಣಿನಲ್ಲಿ ಕಷ್ಟವಾಗುವುದು ಇಲ್ಲಿಯೇ. ನೀರು ಹಾಕಿದ ಮೇಲೆ ಬಿಸಿಲು ಬಿದ್ದರೆ ಮೇಲ್ಮಣ್ಣು ಗಟ್ಟಿ ಪದರವಾಗುತ್ತದೆ, ಸೂಜಿಯಷ್ಟು ತೆಳುವಾದ ಮೊಳಕೆಗೆ ಅದನ್ನು ಸೀಳಿ ಮೇಲೆ ಬರುವ ಶಕ್ತಿ ಇರುವುದಿಲ್ಲ.

ಆದ್ದರಿಂದ ಬೆರಳಿನಿಂದ ಅರ್ಧ ಸೆಂಟಿಮೀಟರ್ ಆಳದ ಗೀರು ಎಳೆದು, ಬೀಜವನ್ನು ನಾಲ್ಕೈದು ಪಟ್ಟು ಒಣ ಮರಳಿನೊಂದಿಗೆ ಬೆರೆಸಿ ಉದುರಿಸಿ, ಮೇಲೆ ತೋಟದ ಮಣ್ಣನ್ನು ಎಳೆಯದೆ ಜರಡಿ ಹಿಡಿದ ಎರೆಗೊಬ್ಬರ ಅಥವಾ ತೆಂಗಿನ ನಾರಿನ ಪುಡಿಯನ್ನು ತೆಳುವಾಗಿ ಹರಡಿ. ನಯವಾದ ಸಿಂಪಡಿಕೆಯಲ್ಲಿ ನೀರು ಕೊಟ್ಟು, ಒದ್ದೆ ಗೋಣಿಚೀಲವನ್ನು ಹೊದಿಸಿ, ಬೆಳಿಗ್ಗೆ ಮತ್ತು ಸಂಜೆ ಚೀಲದ ಮೇಲೆಯೇ ನೀರು ಚಿಮುಕಿಸಿ. ಆರನೆಯ ದಿನದಿಂದ ಪ್ರತಿದಿನ ಚೀಲವನ್ನು ಎತ್ತಿ ನೋಡಬೇಕು, ಒಂದೆರಡು ಮೊಳಕೆ ಕಂಡ ಸಂಜೆಯೇ ಅದನ್ನು ತೆಗೆಯಬೇಕು. ಒಂದು ದಿನ ತಡವಾದರೂ ಮೊಳಕೆಗಳು ಬಿಳಿಚಿಕೊಂಡು ಗೋಣಿಯ ನೂಲಿಗೆ ಸಿಕ್ಕಿಕೊಳ್ಳುತ್ತವೆ. ಮೊದಲು ಬರುವ ಎರಡು ಎಲೆಗಳು ಹುಲ್ಲಿನ ಎಸಳಿನಂತೆ ಉದ್ದಕ್ಕೆ ತೆಳುವಾಗಿರುತ್ತವೆ, ಸೀಳಿದ ಅಂಚಿನ ಎಲೆ ಬರುವುದು ಆಮೇಲೆ. ಕಳೆ ಎಂದು ಭಾವಿಸಿ ಕ್ಯಾರೆಟನ್ನೇ ಕೀಳುವವರು ಬಹಳ. ಸಾಲಿನಲ್ಲಿ ಅಲ್ಲಲ್ಲಿ ಒಂದೊಂದು ಮೂಲಂಗಿ ಬೀಜ ಹಾಕಿದರೆ ಅದು ನಾಲ್ಕೈದು ದಿನದಲ್ಲೇ ಮೊಳೆತು ಸಾಲಿನ ಗುರುತು ಹಿಡಿಸುತ್ತದೆ, ಮೇಲ್ಪದರವನ್ನೂ ಸಡಿಲಿಸುತ್ತದೆ.

ಗಡ್ಡೆ ಕವಲಾಗಲು ನಿಮ್ಮಲ್ಲಿ ಎರಡು ಕಾರಣಗಳು ಕೂಡಿವೆ ಎಂದು ಫೋಟೊ ನೋಡಿದಾಗ ಅನಿಸಿತು. ಒಂದು, ನಾಟಿ ಮಾಡಿದ್ದು. ಕ್ಯಾರೆಟ್‌ನ ತಾಯಿಬೇರೇ ಮುಂದೆ ಗಡ್ಡೆಯಾಗುವುದರಿಂದ ಕೀಳುವಾಗ ಅದರ ತುದಿ ತುಂಡಾದರೆ ಪಕ್ಕದ ಬೇರುಗಳು ದಪ್ಪವಾಗುತ್ತವೆ. ಟೊಮೆಟೊ, ಬದನೆಯಂತೆ ಇದಕ್ಕೆ ಸಸಿ ಮಡಿ ಬೇಡ. ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಎರಡು, ಮಣ್ಣಿನಲ್ಲಿ ಕಾಣುತ್ತಿರುವ ಅರೆಗಳಿತ ಸಗಣಿ. ಹಸಿ ಗೊಬ್ಬರ ಇದ್ದಲ್ಲಿ ಗಡ್ಡೆ ಕವಲಾಗುತ್ತದೆ, ಮೈತುಂಬ ಬೇರುಕೂದಲು ಬರುತ್ತದೆ. ಪೂರ್ತಿ ಕಳಿತ ಗೊಬ್ಬರವನ್ನು ಹಿಂದಿನ ಬೆಳೆಗೆ ಹಾಕಿರುವ ಮಡಿಯೇ ಕ್ಯಾರೆಟ್‌ಗೆ ಒಳ್ಳೆಯದು. ಒಂದು ಅಡಿ ಆಳದವರೆಗೆ ಅಗೆದು, ಕಲ್ಲು ಮತ್ತು ಹೆಂಟೆಗಳನ್ನು ಆರಿಸಿ, ಕೆಂಪು ಮಣ್ಣು ತೀರಾ ಜಿಗುಟಾಗಿದ್ದರೆ ಮರಳು ಸೇರಿಸಿ ಅರ್ಧ ಅಡಿ ಎತ್ತರದ ಏರುಮಡಿ ಮಾಡಿಕೊಳ್ಳಿ. ಗ್ರೋ ಬ್ಯಾಗ್ ಆದರೂ ಒಂದು ಅಡಿಗಿಂತ ಕಡಿಮೆ ಆಳದ್ದು ಬೇಡ.

ಮೂರನೆಯ ಕಾರಣವೊಂದನ್ನು ನೀವೇ ಪರೀಕ್ಷಿಸಬೇಕು. ಕಿತ್ತ ಗಡ್ಡೆಯ ಎಳೆ ಬೇರುಗಳನ್ನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣ ಗಂಟುಗಳು ಕಂಡರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಟೊಮೆಟೊ, ಬದನೆ, ಬೆಂಡೆ ಬೆಳೆದ ಮಡಿಯಲ್ಲಿ ಇದು ಸಾಮಾನ್ಯ. ಅಂತಹ ಮಡಿಯಲ್ಲಿ ಮೊದಲು ಒಂದು ಬೆಳೆ ಚೆಂಡು ಹೂ ತೆಗೆದು, ಬಿತ್ತನೆಗೆ ಎರಡು ಮೂರು ವಾರ ಮುಂಚೆ ಬೇವಿನ ಹಿಂಡಿ ಬೆರೆಸಿ.

ಸಸಿಗಳು ಎರಡು ಮೂರು ಇಂಚು ಬೆಳೆದಾಗ ಗಿಡದಿಂದ ಗಿಡಕ್ಕೆ 5ರಿಂದ 8 ಸೆಂಟಿಮೀಟರ್ ಅಂತರ ಉಳಿಯುವಂತೆ ಹೆಚ್ಚಿನವನ್ನು ತೆಗೆಯಲೇಬೇಕು. ಕೀಳುವ ಬದಲು ಕತ್ತರಿಯಿಂದ ಬುಡಕ್ಕೆ ಕತ್ತರಿಸಿದರೆ ಪಕ್ಕದ ಬೇರು ಅಲುಗುವುದಿಲ್ಲ. ಗಡ್ಡೆಯ ಹೆಗಲು ಹೊರಗೆ ಕಂಡರೆ ಹಸಿರಾಗಿ ಕಹಿಯಾಗುತ್ತದೆ, ಮಣ್ಣು ಏರಿಸಿ ಮುಚ್ಚಿ. ನೀರನ್ನು ಒಂದೇ ಹದದಲ್ಲಿ ಕೊಡಿ. ಒಣಗಲು ಬಿಟ್ಟು ಒಮ್ಮೆಗೇ ತುಂಬ ಕೊಟ್ಟರೆ ಗಡ್ಡೆ ಸೀಳುತ್ತದೆ.

ಬೀಜಕ್ಕಾಗಿ ಸೆಪ್ಟೆಂಬರ್ ಕೊನೆಗೆ ಬಿತ್ತಿ. ಎಲ್ಲಕ್ಕಿಂತ ಮೊದಲು ಹೂದಂಟು ಎತ್ತಿದ ಗಿಡಗಳನ್ನು ಎಷ್ಟೇ ಚೆನ್ನಾಗಿದ್ದರೂ ಕಿತ್ತುಹಾಕಿ, ಏಕೆಂದರೆ ಅವುಗಳ ಬೀಜದಿಂದ ಗಡ್ಡೆ ಕಟ್ಟುವ ಮುನ್ನವೇ ಹೂವಿಗೆ ಹೋಗುವ ಸಂತತಿ ಬರುತ್ತದೆ. ಡಿಸೆಂಬರ್ ಕೊನೆಗೆ ಎಲ್ಲವನ್ನೂ ಕಿತ್ತು, ನೇರವಾದ ಗಡ್ಡೆಗಳನ್ನು ಆರಿಸಿ, ಸೊಪ್ಪನ್ನು ಮೂರು ಇಂಚು ಉಳಿಸಿ ಕತ್ತರಿಸಿ. ಪ್ರತಿ ಗಡ್ಡೆಯ ಕೆಳಗಿನ ಮೂರನೆಯ ಒಂದು ಭಾಗವನ್ನು ಕುಯ್ದು ನೋಡಿ: ನಡುವಿನ ದಿಂಡು ಸಣ್ಣದಾಗಿದ್ದು, ಬಣ್ಣ ಸುತ್ತಲಿನ ತಿರುಳಿನ ಬಣ್ಣಕ್ಕೆ ಹತ್ತಿರವಿದ್ದರೆ ಆ ಗಡ್ಡೆ ಬೀಜಕ್ಕೆ ಯೋಗ್ಯ. ಕುಯ್ದ ತುಂಡನ್ನು ತಿಂದು ರುಚಿಯನ್ನೂ ನೋಡಬಹುದು. ಈ ಆಯ್ಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದೇ. ಕುಯ್ದ ಜಾಗಕ್ಕೆ ಬೂದಿ ಹಚ್ಚಿ, ನೆರಳಿನಲ್ಲಿ ಒಂದು ದಿನ ಆರಿಸಿ, ಮೇಲಿನ ಭಾಗವನ್ನು ಗಿಡದಿಂದ ಗಿಡಕ್ಕೆ ಒಂದು ಅಡಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿಯಂತೆ ಮತ್ತೆ ನೆಡಿ.

ಗಿಡಗಳ ಸಂಖ್ಯೆಯಲ್ಲಿ ಜಿಪುಣತನ ಮಾಡಬೇಡಿ. ಕ್ಯಾರೆಟ್ ಪರಕೀಯ ಪರಾಗಸ್ಪರ್ಶದ ಬೆಳೆ, ಅಂದರೆ ಒಂದು ಗಿಡದ ಪರಾಗ ಇನ್ನೊಂದು ಗಿಡದ ಹೂವಿಗೆ ತಾಗಿ ಬೀಜ ಕಟ್ಟುವಂಥದ್ದು; ನಾಲ್ಕೈದು ಗಿಡಗಳಿಂದ ಮಾತ್ರ ಬೀಜ ತೆಗೆದರೆ ಕೆಲವೇ ತಲೆಮಾರಿನಲ್ಲಿ ತಳಿ ಸೊರಗುತ್ತದೆ. ಮೂವತ್ತು ಗಿಡಗಳಾದರೂ ಇರಲಿ, ಅದಕ್ಕೆ ನಾಲ್ಕೈದು ಚದರ ಮೀಟರ್ ಜಾಗ ಸಾಕು. ಬೀಜೋತ್ಪಾದನೆಯಲ್ಲಿ ಎರಡು ತಳಿಗಳ ನಡುವೆ ಒಂದು ಕಿಲೋಮೀಟರ್‌ವರೆಗೆ ಅಂತರ ಬಿಡುತ್ತಾರೆ. ನಿಮ್ಮ ಸುತ್ತಲಿನ ಹೊಲಗಳಲ್ಲಿ ಕ್ಯಾರೆಟ್ ಇದ್ದರೂ ಹೂವಿಗೆ ಮುಂಚೆಯೇ ಅದನ್ನು ಕಿತ್ತು ಮಾರುವುದರಿಂದ ಆತಂಕ ಕಡಿಮೆ, ಆದರೆ ನಿಮ್ಮದೇ ಕೆಂಪು ಮತ್ತು ನೇರಳೆ ಒಟ್ಟಿಗೆ ಅರಳಿದರೆ ಜೇನ್ನೊಣಗಳು ಎರಡನ್ನೂ ಬೆರೆಸಿಬಿಡುತ್ತವೆ. ಸರಿಯಾಗಿ ಇಟ್ಟ ಬೀಜ ಸುಮಾರು ಮೂರು ವರ್ಷ ಮೊಳೆಯುವುದರಿಂದ, ಒಂದು ವರ್ಷ ಕೆಂಪು, ಮರುವರ್ಷ ನೇರಳೆ ಎಂದು ಸರದಿ ಇಟ್ಟುಕೊಂಡರೆ ಸಾಕು.

ನಾಂಟಿಸ್ ಬೀಜವೂ ಬೇಕೇ ಬೇಕೆಂದಿದ್ದರೆ, ಆರಿಸಿದ ಗಡ್ಡೆಗಳನ್ನು ತುದಿ ಕುಯ್ಯದೆ, ತುಸು ಒದ್ದೆಯಾದ ಮರಳಿನಲ್ಲಿ ಹುದುಗಿಸಿ ಆರರಿಂದ ಎಂಟು ವಾರ ಫ್ರಿಜ್‌ನ ತರಕಾರಿ ಡಬ್ಬದಲ್ಲಿಟ್ಟು ಆಮೇಲೆ ನೆಡಬಹುದು. ಅದು ಕೊಳೆಯುವ ಸಂಭವವೂ ಇರುವುದರಿಂದ ಬೇಕಾದ್ದಕ್ಕಿಂತ ಹೆಚ್ಚು ಗಡ್ಡೆಗಳನ್ನು ಇಡಿ.

ಹೂದಂಟು ಆಳೆತ್ತರಕ್ಕೆ ಬರಬಹುದು, ಗಾಳಿಗೆ ಬೀಳದಂತೆ ಕೋಲು ಕೊಡಿ. ಸಬ್ಬಸಿಗೆಯ ಕುಟುಂಬದ್ದೇ ಆದ್ದರಿಂದ ಹೂವೂ ಅದೇ ಕೊಡೆಯಾಕಾರದ ಗೊಂಚಲು. ನಡುವಿನ ದಂಟಿನ ಮೊದಲ ಗೊಂಚಲಿನಲ್ಲೂ ಅದರ ನಂತರದ ಕವಲುಗಳಲ್ಲೂ ಗಟ್ಟಿ ಬೀಜ ಸಿಗುತ್ತದೆ, ಕೊನೆಗೆ ಬರುವ ಸಣ್ಣ ಗೊಂಚಲುಗಳನ್ನು ಬಿಟ್ಟುಬಿಡಿ. ಮೇ ತಿಂಗಳ ಮಳೆಗೆ ಸಿಗದಂತೆ, ಕಂದು ಬಣ್ಣಕ್ಕೆ ತಿರುಗಿದ ಗೊಂಚಲುಗಳನ್ನು ಆಗಾಗ ಕತ್ತರಿಸಿ ನೆರಳಿನಲ್ಲಿ ಒಣಗಿಸಿ. ಬೀಜದ ಮೇಲಿನ ಸಣ್ಣ ಮುಳ್ಳುಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅಂಗೈಗಳ ನಡುವೆ ಉಜ್ಜಿ, ಮೊರದಲ್ಲಿ ಕೇರಿ, ಬೂದಿ ಹಾಕಿದ ಗಾಜಿನ ಬಾಟಲಿಯಲ್ಲಿ ತಳಿಯ ಹೆಸರು ಮತ್ತು ವರ್ಷ ಬರೆದಿಡಿ. ಬಿತ್ತುವ ಮೂರು ವಾರ ಮುಂಚೆ ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿ. ಹನ್ನೆರಡಕ್ಕಿಂತ ಕಡಿಮೆ ಮೊಳೆತರೆ ಬೀಜವನ್ನು ಒಂದೂವರೆ ಪಟ್ಟು ಹೆಚ್ಚಿಸಿ ಬಿತ್ತಿ.