ಕಂಬದ ತಂತಿಯನ್ನು ಯಾಕೆ ಬಿಟ್ಟಿರಿ?

ನಮಸ್ಕಾರ. ಹಾಲಿವುಡ್‌ನ ಸೌಂಡ್ ಎಡಿಟರ್ ಬೆನ್ ಬರ್ಟ್ ಬಗ್ಗೆ ನೀವು ಮೂಡಿಗೆರೆಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಒಂದೂವರೆ ಪುಟ ಬರೀ ಪ್ರಶಸ್ತಿ. 'ಸ್ಟಾರ್ ವಾರ್ಸ್', 'ಇ.ಟಿ.', ಇಂಡಿಯಾನಾ ಜೋನ್ಸ್, ಆಸ್ಕರ್, ಮತ್ತೆ ಆಸ್ಕರ್. ಮದುವೆ ಮನೆಯ ಮುಯ್ಯಿ ಪುಸ್ತಕ ಓದಿದ ಹಾಗಾಯಿತು. ಅದರಲ್ಲೂ ಒಂದು ತಪ್ಪಿದೆ. 'ಸ್ಟಾರ್ ವಾರ್ಸ್'ನ ಅತ್ಯುತ್ತಮ ಧ್ವನಿ ಪ್ರಶಸ್ತಿ ಬರ್ಟ್‌ಗೆ ಬಂದದ್ದಲ್ಲ, ಅದು ಬೇರೆ ನಾಲ್ವರು ಮಿಕ್ಸರ್‌ಗಳಿಗೆ ಹೋಯಿತು. ಇವರಿಗೆ 1978ರಲ್ಲಿ ಕೊಟ್ಟದ್ದು ವಿಶೇಷ ಸಾಧನೆಯ ಆಸ್ಕರ್, ಆ ವಿಚಿತ್ರ ಪ್ರಾಣಿಗಳಿಗೂ ರೋಬೋಗಳಿಗೂ ದನಿ ಹುಟ್ಟಿಸಿದ್ದಕ್ಕೆ. ಸದ್ದು ಹುಡುಕಿ, ಕತ್ತರಿಸಿ, ದೃಶ್ಯಕ್ಕೆ ಕೂರಿಸುವವರು ಎಡಿಟರ್. ಮಾತು, ಸಂಗೀತ, ಸದ್ದು ಮೂರನ್ನೂ ಹದವಾಗಿ ಬೆರೆಸುವವರು ಮಿಕ್ಸರ್. ನೀವು ಇಬ್ಬರನ್ನೂ ಒಂದು ಮಾಡಿಬಿಟ್ಟಿದ್ದೀರಿ.

'ಹುಟ್ಟಿನಿಂದಲೇ ಚಿನ್ನದ ಕಿವಿ' ಅಂತೆಲ್ಲ ಬೇಡ. ಅವರು ಕಾಲೇಜಿನಲ್ಲಿ ಓದಿದ್ದು ಫಿಸಿಕ್ಸ್, ಅದನ್ನು ಅರ್ಧ ಸಾಲಲ್ಲಿ ಮುಗಿಸಿದ್ದೀರಿ. 'ಸ್ಟಾರ್ ವಾರ್ಸ್'ನ ಬೆಳಕಿನ ಕತ್ತಿ ಲೈಟ್‌ಸೇಬರ್‌ನ ಭಾಗ ಮಾತ್ರ ಚೆನ್ನಾಗಿದೆ: ಹಳೇ ಪ್ರೊಜೆಕ್ಟರ್ ಮೋಟಾರಿನ ಗುಂಯ್, ಅದಕ್ಕೆ ಟಿವಿಯ ಜುಂಯ್ ಸೇರಿಸಿ, ಸ್ಪೀಕರ್‌ನಲ್ಲಿ ಹಾಕಿ, ಅದರ ಮುಂದೆ ಮೈಕನ್ನು ಕತ್ತಿಯ ಹಾಗೆ ಬೀಸಿ ಮತ್ತೆ ರೆಕಾರ್ಡ್ ಮಾಡಿದ್ದು. ಅದನ್ನು ಮುಟ್ಟಬೇಡಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಜೊತೆಗಿದ್ದ ಕಾಗದ ಓದಿದಾಗ. ಚಿಕ್ಕವರಿದ್ದಾಗ ತೋಟದ ಲೈನ್ ಮನೆ ಹತ್ತಿರ ಕರೆಂಟ್ ಕಂಬವನ್ನು ಎಳೆದು ಕಟ್ಟಿದ ಸ್ಟೇ ವೈರಿಗೆ ಕಲ್ಲಲ್ಲಿ ಹೊಡೆದು, ಕಿವಿ ಇಟ್ಟು 'ಟ್ಯೂಂವ್' ಕೇಳುತ್ತಿದ್ದೆವು, ಅಪ್ಪ ಬೈಯುತ್ತಿದ್ದರು ಅಂತ ಸುಮ್ನೆ ಹೇಳಿ ಬಿಟ್ಟಿದ್ದೀರಲ್ಲ, 'ಸ್ಟಾರ್ ವಾರ್ಸ್'ನ ಬ್ಲಾಸ್ಟರ್ ಗನ್ ಸದ್ದು ಹುಟ್ಟಿದ್ದೂ ಹಾಗೇ ಅಲ್ವಾ! ಬರ್ಟ್ ಟವರೊಂದನ್ನು ಎಳೆದು ಕಟ್ಟಿದ್ದ ತಂತಿಗೆ ಸುತ್ತಿಗೆಯಲ್ಲಿ ಹೊಡೆದು ರೆಕಾರ್ಡ್ ಮಾಡಿಕೊಂಡರು. ಬಿಗಿದ ಉದ್ದ ತಂತಿಯಲ್ಲಿ ಕೀರಲು ಸದ್ದು ಬೇಗ ಓಡಿ ಬರುತ್ತದೆ, ದಪ್ಪ ಸದ್ದು ಹಿಂದೆ ಉಳಿಯುತ್ತದೆ. ಆ ಇಳಿಯುವ 'ಟ್ಯೂಂವ್' ಬರುವುದು ಅದರಿಂದ. ನಿಮ್ಮ ಲೇಖನದಲ್ಲಿ ಆ ತಂತಿಯೂ ಇಲ್ಲ, ನಿಮ್ಮ ತಂತಿಯೂ ಇಲ್ಲ!

ಅಲ್ಲಿಂದಲೇ ಶುರು ಮಾಡಿ. ಕಲ್ಲು ಹೊಡೆದ ಹುಡುಗನ ಕಿವಿಯಿಂದ ನೇರ ಬರ್ಟ್ ಹತ್ತಿರ ಹೋಗಿ. ಪ್ರಶಸ್ತಿಗಳಿಗೆ ಎರಡು ಸಾಲೇ ಜಾಸ್ತಿಯಾಯಿತು. ಪ್ರಶಸ್ತಿ ಪಟ್ಟಿಯನ್ನು ಹಾಸನದಲ್ಲಿ ಕೂತು ನಾನೂ ಬರೆದೇನು, ಕಂಬ ನನ್ನ ಹತ್ತಿರ ಇಲ್ಲ.

ಎಂಟುನೂರು ಪದ ಸಾಕು, ಗೌರಿ ಹಬ್ಬದೊಳಗೆ ಕಳಿಸಿ. ಸದ್ದು ಸರಿಯಾಗಿ ನೆನಪಾಗಲಿಲ್ಲ ಅಂತ ಈ ಮಳೆಯಲ್ಲಿ ಹೋಗಿ ಮತ್ತೆ ಆ ವೈರ್ ಮುಟ್ಟಬೇಡಿ ಮಾರಾಯ್ರೆ.